ನೋಆ ಹೆಣ್ಣು ಹೆಸರಾ, ಗಂಡು ಹೆಸರಾ?

ನಿಮ್ಮ ಪ್ರಶ್ನೆ ಇಷ್ಟು: ನೀವು ನೆದರ್ಲ್ಯಾಂಡ್ಸ್‌ನಲ್ಲಿದ್ದೀರಿ, ಹುಟ್ಟಲಿರುವ ಮಗಳಿಗೆ ‘ನೋಆ’ ಅಂತ ಇಡುವ ಆಸೆ. ಊರಿನಲ್ಲಿ ಯಾರೋ “ಅದು ಬೈಬಲಿನ ಪ್ರಳಯದ ಕಥೆಯಲ್ಲಿ ಹಡಗು ಕಟ್ಟಿದ ನೋಹ ಅಲ್ವಾ, ಗಂಡಸಿನ ಹೆಸರು” ಅಂದುಬಿಟ್ಟರು. ಒಂದು ಕಡೆ ಅರ್ಥ ‘ವಿಶ್ರಾಂತಿ’ ಅಂತಿದೆ, ಇನ್ನೊಂದು ಕಡೆ ‘ಚಲನೆ’ ಅಂತಿದೆ. ಯಾವುದು ಸರಿ, ಇಸ್ರೇಲಿನವರು ನಿಜವಾಗಿಯೂ ಈ ಹೆಸರು ಇಡುತ್ತಾರಾ ಅಂತ ಕೇಳಿದ್ದೀರಿ.

ಇಡುತ್ತಾರೆ, ಅದೂ ಹೆಣ್ಣುಮಕ್ಕಳಿಗೆ. ಅರ್ಥ ಚಲನೆ. ‘ವಿಶ್ರಾಂತಿ’ ಅನ್ನುವುದು ನೋಹ ಅನ್ನುವ ಹೆಸರಿನ ಅರ್ಥ, ನೋಆಗೆ ಸುಮ್ನೆ ಅಂಟಿಸಿದ್ದಾರೆ.

ನಾನು ಉಡುಪಿ ಕಡೆಯವಳು. ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಇಸ್ರೇಲಿಗೆ ಬಂದು ಇಲ್ಲೇ ಇದ್ದೇನೆ. ನಮ್ಮ ಕರಾವಳಿಯಿಂದ ಹೀಗೆ ಬಂದವರು ತುಂಬ ಜನ. ನನ್ನ ಹೀಬ್ರೂ ಪುಸ್ತಕದ್ದಲ್ಲ. ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಕ್ಲಿನಿಕ್ಕಿನ ಸಾಲಿನಲ್ಲಿ ಕಿವಿಗೆ ಬಿದ್ದು ಬಂದದ್ದು. ಆದರೆ ಹೆಸರುಗಳ ವಿಷಯಕ್ಕೆ ಅದೇ ಜಾಸ್ತಿ ಉಪಯೋಗ.

ಮೊದಲು ಈ ಗೊಂದಲ ಎಲ್ಲಿಂದ ಬಂತು ಹೇಳುತ್ತೇನೆ. ಹೀಬ್ರೂವಿನಲ್ಲಿ ನೋಹನ ಹೆಸರಿಗೆ ಎರಡೇ ಅಕ್ಷರ: ನೂನ್, ಖೆತ್. ಓದುವುದು ‘ನೋಅಖ್’. ಕೊನೆಯ ಖ್ ಕಫ ಕೆರೆದ ಹಾಗೆ ಗಂಟಲಿನಿಂದ ಬರಬೇಕು. ನೋಆಗೆ ಮೂರು ಅಕ್ಷರ: ನೂನ್, ಅಯಿನ್, ಹೇ. ಇಲ್ಲಿ ಯಾರೂ ಈ ಎರಡನ್ನು ಒಂದಕ್ಕೊಂದು ಬೆರೆಸುವುದಿಲ್ಲ. ಖೆತ್, ಅಯಿನ್ ಎರಡೂ ಗಂಟಲಿನ ಅಕ್ಷರಗಳು, ಇಂಗ್ಲಿಷಿನಲ್ಲಿ ಎರಡೂ ಇಲ್ಲ. ಹಾಗಾಗಿ 1611ರ ಕಿಂಗ್ ಜೇಮ್ಸ್ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಹಡಗು ಕಟ್ಟಿದ ಮುದುಕನಿಗೂ ಅದೇ ಬೈಬಲಿನಲ್ಲಿ ಬರುವ ನೋಆ ಅನ್ನುವ ಹುಡುಗಿಗೂ ಒಂದೇ ಸ್ಪೆಲ್ಲಿಂಗ್ (Noah) ಬಿತ್ತು. ಇಂಗ್ಲಿಷಿನಲ್ಲಿ ಓದಿದವರಿಗೆ ಇವಳೂ ನೋಹನೇ.

ಈ ಅಯಿನ್ ಅನ್ನುವುದು ಈಗ ಇಲ್ಲೂ ಅರ್ಧ ಸತ್ತಿದೆ. ಪಾರ್ಕಿನಲ್ಲಿ ಯಾವ ಅಮ್ಮ ಕೂಗಿದರೂ ‘ನೋ-ಆ’, ನೀವು ಹೇಳಿದ ಹಾಗೇ, ಒತ್ತು ‘ನೋ’ ಮೇಲೆ. ನಾನು ನೋಡಿಕೊಳ್ಳುವ ಅಜ್ಜಿ ಮಾತ್ರ ಬೇರೆ. ಅವರು ಹುಟ್ಟಿದ್ದು ಯೆಮನ್‌ನಲ್ಲಿ. 1949-50ರಲ್ಲಿ ಅಲ್ಲಿನ ಯಹೂದಿಗಳನ್ನು ವಿಮಾನ ವಿಮಾನವಾಗಿ ಇಲ್ಲಿಗೆ ಕರೆತಂದರಲ್ಲ, ಆಗ ಬಂದ ಮನೆತನ. ಅವರಿಗೊಬ್ಬಳು ಮರಿಮಗಳು, ಅವಳೂ ನೋಆ. ಅಜ್ಜಿ ಕರೆದರೆ ‘ನೋ’ ಆದ ಮೇಲೆ ಗಂಟಲು ಒಂದು ಕ್ಷಣ ಬಿಗಿಯುತ್ತದೆ, ಅರಬ್ಬಿ ಮಾತಾಡುವವರಿಗೆ ಬರುತ್ತಲ್ಲ ಆ ಥರ, ಆಮೇಲೆ ‘ಆ’. ಮರಿಮಗಳು ಅದನ್ನೇ ಅಣಕಿಸಿ ನಗುತ್ತಾಳೆ. ಅಜ್ಜಿಗೆ ಸಿಟ್ಟು: “ನಿನ್ನ ಹೆಸರಿನ ನಡುವಿನ ಅಕ್ಷರ ನಿನಗೇ ಬರಲ್ಲ.”

ಇನ್ನು ಅರ್ಥ. ಅಲುಗು, ಚಲಿಸು ಅನ್ನುವ ಧಾತುವಿನಿಂದ ಬಂದ ಹೆಸರು. ಬೆಳಿಗ್ಗೆ ರೇಡಿಯೋದಲ್ಲಿ ಟ್ರಾಫಿಕ್ ಸುದ್ದಿ ಬರುತ್ತದೆ, ಟ್ರಾಫಿಕ್ಕಿಗೆ ಇಲ್ಲಿ ‘ತ್ನುಆ’ ಅನ್ನುತ್ತಾರೆ. ಅದೂ ಇದೇ ಧಾತು. ಬೈಬಲಿನಲ್ಲಿ ಇದರ ಬಳಕೆ ಎಲ್ಲಾ ಕಡೆ ಸಿಹಿಯೇನಲ್ಲ. ಯೆಶಾಯ ಅನ್ನುವ ಪುಸ್ತಕದ 7ನೇ ಅಧ್ಯಾಯದಲ್ಲಿ ಕಾಡಿನ ಮರಗಳು ಗಾಳಿಗೆ ಅಲ್ಲಾಡುವ ಹಾಗೆ ರಾಜನ ಎದೆ ಅಲ್ಲಾಡಿತು ಅಂತ ಬರುತ್ತದೆ, ಹೆದರಿಕೆಯಿಂದ. ತಮ್ಮನನ್ನು ಕೊಂದ ಕಾಯಿನನಿಗೆ ‘ಅಲೆಮಾರಿಯಾಗಿ ತಿರುಗು’ ಅಂತ ಶಾಪ ಸಿಗುವಲ್ಲಿಯೂ ಇದೇ ಧಾತು. ಹೆಸರಿನ ವೆಬ್‌ಸೈಟುಗಳು ಇದನ್ನೆಲ್ಲಾ ಹೇಳುವುದಿಲ್ಲ. ಹೇಳಿದರೂ ನಿಮಗೆ ತೊಂದರೆ ಇಲ್ಲ, ಇಲ್ಲಿನ ಅಪ್ಪ ಅಮ್ಮಂದಿರು ಅದನ್ನೆಲ್ಲ ನೋಡಿ ಹೆಸರಿಡುತ್ತಿಲ್ಲ.

ನನ್ನನ್ನು ಕೇಳಿದರೆ, ಈ ಹೆಸರನ್ನು ಅರ್ಥಕ್ಕೋಸ್ಕರ ಇಡಬೇಡಿ, ಅದನ್ನು ಹೊತ್ತಿದ್ದ ಹುಡುಗಿಗೋಸ್ಕರ ಇಡಿ.

ಅವಳ ಕಥೆ ಬೈಬಲಿನ ಅರಣ್ಯಕಾಂಡ ಅನ್ನುವ ಪುಸ್ತಕದ (ರಾಮಾಯಣದ್ದಲ್ಲ) 27ನೇ ಅಧ್ಯಾಯದಲ್ಲಿದೆ. ಮನಸ್ಸೆ ಕುಲದ ಚಲ್ಪಹಾದ ಅನ್ನುವವನಿಗೆ ಐದು ಹೆಣ್ಣುಮಕ್ಕಳು: ಮಹ್ಲಾ, ನೋಆ, ಹೊಗ್ಲಾ, ಮಿಲ್ಕಾ, ತಿರ್ಚಾ. ಗಂಡುಮಕ್ಕಳಿಲ್ಲ. ಈಜಿಪ್ಟ್ ಬಿಟ್ಟು ಬಂದ ಇಸ್ರೇಲ್ ಜನ ಇನ್ನೂ ತಮ್ಮ ನೆಲ ಮುಟ್ಟಿಲ್ಲ, ಮುಂದೆ ಸಿಗುವ ನೆಲವನ್ನು ಹಂಚುವ ಲೆಕ್ಕ ನಡೆದಿದೆ. ಅಪ್ಪ ದಾರಿಯಲ್ಲೇ ತೀರಿಹೋಗಿದ್ದಾನೆ. ಪಾಲು ಗಂಡಸರ ಹೆಸರಿಗೆ ಮಾತ್ರ. ಆಗ ಈ ಐವರು ದೇವದರ್ಶನದ ಗುಡಾರದ ಬಾಗಿಲಿಗೆ ಬರುತ್ತಾರೆ. ಎದುರಿಗೆ ಜನರ ನಾಯಕ ಮೋಶೆ, ಮಹಾಯಾಜಕ, ಕುಲದ ಹಿರಿಯರು, ಇಡೀ ಸಮೂಹ. ಅಷ್ಟು ಜನರ ಮುಂದೆ ಇವರು ಕೇಳುವುದು ಇಷ್ಟೇ: ನಮ್ಮ ಅಪ್ಪನಿಗೆ ಮಗ ಇರಲಿಲ್ಲ ಅಂದ ಮಾತ್ರಕ್ಕೆ ಅವನ ಹೆಸರು ಯಾಕೆ ಅಳಿಯಬೇಕು? ನಮಗೂ ಪಾಲು ಕೊಡಿ.

ಮೋಶೆಗೆ ಉತ್ತರ ಹೊಳೆಯುವುದಿಲ್ಲ. ದೇವರನ್ನು ಕೇಳುತ್ತಾನೆ. ಅವರು ಹೇಳಿದ್ದು ಸರಿ, ಕೊಡು ಅಂತ ಅಪ್ಪಣೆಯಾಗುತ್ತದೆ. ಗಂಡುಮಕ್ಕಳಿಲ್ಲದೆ ಸತ್ತವನ ಆಸ್ತಿ ಮಗಳಿಗೆ ಅಂತ ಅಲ್ಲೇ ನಿಯಮವಾಗುತ್ತದೆ. ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 36ನೇ ಅಧ್ಯಾಯದಲ್ಲಿ ಕುಲದ ಗಂಡಸರು ತಕರಾರು ತೆಗೆಯುತ್ತಾರೆ: ಇವರು ಬೇರೆ ಕುಲಕ್ಕೆ ಮದುವೆಯಾಗಿ ಹೋದರೆ ನಮ್ಮ ನೆಲವೂ ಹೋಗುತ್ತಲ್ಲ? ಹಾಗಾಗಿ ತಮ್ಮ ಕುಲದೊಳಗೇ ಮದುವೆಯಾಗಬೇಕು ಅಂತ ಷರತ್ತು. ಐವರೂ ಅಪ್ಪನ ಅಣ್ಣತಮ್ಮಂದಿರ ಮಕ್ಕಳನ್ನು ಮದುವೆಯಾದರು. ಆಸ್ತಿ ಅಂದಾಕ್ಷಣ ಎದ್ದು ಬರುವ ಇಂಥ ಗಂಡಸರನ್ನು ನೀವೂ ಊರಿನಲ್ಲಿ ನೋಡಿರುತ್ತೀರಿ. ನಮ್ಮ ಕರ್ನಾಟಕದಲ್ಲಿ ಹಿಂದೂ ಕೂಡು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕಾನೂನು ಬಂದದ್ದು 1994ರಲ್ಲಿ. ಅದೂ ಆ ಹೊತ್ತಿಗೆ ಮದುವೆಯಾಗಿದ್ದವರಿಗೆ ಇರಲಿಲ್ಲ.

ಯಹೂದಿ ಪಂಡಿತರು ಮುಂದೆ ತಾಲ್ಮುದ್ ಅನ್ನುವ ತಮ್ಮ ಧರ್ಮಗ್ರಂಥದಲ್ಲಿ ಈ ಅಕ್ಕತಂಗಿಯರನ್ನು ಬುದ್ಧಿವಂತೆಯರು ಅಂತ ಹೊಗಳಿದ್ದಾರೆ. ಸಮಯ ನೋಡಿ ಮಾತಾಡಿದರು ಅಂತ. ಇನ್ನೊಂದು ವಿಷಯ ನನಗೆ ಬಹಳ ಇಷ್ಟ. 1910ರಲ್ಲಿ ಹಳೆಯ ಇಸ್ರೇಲ್ ರಾಜ್ಯದ ರಾಜಧಾನಿಯಾಗಿದ್ದ ಸಮಾರ್ಯದಲ್ಲಿ ಅಗೆಯುವಾಗ ಶಾಯಿಯಲ್ಲಿ ಬರೆದ ಮಡಕೆ ಚೂರುಗಳು ಸಿಕ್ಕವು. ಕ್ರಿ.ಪೂ. 8ನೇ ಶತಮಾನದವು. ಎಲ್ಲಿಂದ ಎಷ್ಟು ದ್ರಾಕ್ಷಾರಸ, ಎಷ್ಟು ಎಣ್ಣೆ ಬಂತು ಅನ್ನುವ ಲೆಕ್ಕ. ಅದರಲ್ಲಿ ಜಾಗಗಳ ಹೆಸರಾಗಿ ನೋಆ ಇದೆ, ಹೊಗ್ಲಾ ಕೂಡ ಇದೆ. ಅದೂ ಮನಸ್ಸೆ ಕುಲದ ಸೀಮೆಯಲ್ಲೇ. ಪಾಲು ಕೇಳಿದ ಹುಡುಗಿಯರ ಹೆಸರು ನೆಲಕ್ಕೇ ಇತ್ತು ನೋಡಿ.

ಇಷ್ಟು ಹಳೆಯ ಹೆಸರಾದರೂ ಜನಪ್ರಿಯವಾದದ್ದು ಮೊನ್ನೆ ಮೊನ್ನೆ. ಇಲ್ಲಿ ಹೆಸರು ಕೇಳಿಯೇ ವಯಸ್ಸು ಊಹಿಸಬಹುದು. ಎಂಬತ್ತು ದಾಟಿದವರು ಸಾರಾ, ರಾಖೇಲ್, ಎಸ್ತೇರ್. ಅವರ ಮಕ್ಕಳು ರೋನಿತ್, ಓರಿತ್, ಗಲಿತ್, ಡೋರಿತ್. 60-70ರ ದಶಕದಲ್ಲಿ ಕೊನೆಗೆ ‘ಇತ್’ ಇರದಿದ್ದರೆ ಹೆಸರೇ ಅಲ್ಲ ಅನ್ನುವಂತಿತ್ತು. ಮೊಮ್ಮಕ್ಕಳು ನೋಆ, ಮಾಯಾ, ತಾಮಾರ್. ಈ ಶತಮಾನದ ಮೊದಲ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಯಹೂದಿ ಹೆಣ್ಣುಮಕ್ಕಳ ಪಟ್ಟಿಯಲ್ಲಿ ನೋಆ ಮೇಲೇ ಕೂತಿತ್ತು. ಆಮೇಲೆ ತಾಮಾರ್ ಬಂದು ಕೆಳಗಿಳಿಸಿತು. ಸಂಜೆ ಜಾರುಬಂಡೆಯ ಹತ್ತಿರ ನಿಂತು “ನೋಆ, ಬೋಯಿ!” (ಬಾರೇ) ಅಂತ ಕೂಗಿ ನೋಡಿ, ಎಷ್ಟು ತಲೆ ತಿರುಗುತ್ತವೆ ಅಂತ. 2023ರ ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ಇಸ್ರೇಲಿಗೆ ಮೂರನೇ ಸ್ಥಾನ ತಂದ ಗಾಯಕಿ ನೋಆ ಕಿರೆಲ್ ಕೂಡ ಈ ಪೀಳಿಗೆಯವಳೇ.

ಅವಳಿಗಿಂತ ಹಿರಿಯ ಗಾಯಕಿಯೊಬ್ಬರು ಹೊರದೇಶಗಳಲ್ಲಿ ‘ನೋಆ’ ಅಂತಲೇ ಪ್ರಸಿದ್ಧ. ಅವರ ನಿಜ ಹೆಸರು ಅಖಿನೋಅಮ್ ನಿನಿ. ಅದು ಬೇರೆ ಧಾತು, ಹಿತ, ಸೊಗಸು ಅನ್ನುವ ಅರ್ಥದ್ದು. ನೋಅಮ್ ಅನ್ನುವುದೂ ಅದೇ ಗುಂಪಿಗೆ ಸೇರಿದ್ದು, ಹುಡುಗ ಹುಡುಗಿ ಇಬ್ಬರಿಗೂ ಇಡುತ್ತಾರೆ. ಬೆರೆಸಿಕೊಳ್ಳಬೇಡಿ.

ಇಸ್ರೇಲಿನ ಹೊರಗೆ? ನೋಹನಂತೂ ಗೆದ್ದಿದ್ದಾನೆ. ಅಮೆರಿಕದಲ್ಲಿ 2013ರಿಂದ 2016ರವರೆಗೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021, 2022ರಲ್ಲಿ ಗಂಡುಮಕ್ಕಳಿಗೆ ಅದೇ ನಂಬರ್ ಒನ್. ನಿಮ್ಮ ನೆದರ್ಲ್ಯಾಂಡ್ಸ್‌ನಲ್ಲೂ ಈಚೆಗೆ ಹಲವು ಸಲ ಮೊದಲ ಸ್ಥಾನ. ನೋಆ ಅಲ್ಲಿಯೂ, ಸ್ಪೇನ್‌ನಲ್ಲಿಯೂ ಹೆಣ್ಣುಮಕ್ಕಳಿಗೆ ಚೆನ್ನಾಗಿ ಚಾಲ್ತಿಯಲ್ಲಿದೆ, ಯಹೂದಿಗಳಲ್ಲದವರೂ ಇಡುತ್ತಾರೆ. ಹಾಗಾಗಿ ‘ಇವರು ಇಸ್ರೇಲಿನವರಾ’ ಅಂತ ಯಾರೂ ಹುಬ್ಬೇರಿಸುವುದಿಲ್ಲ.

ನಿಮಗಿರುವ ನಿಜವಾದ ಕಿರಿಕಿರಿ ಬೇರೆ. ಡಚ್ಚರ ಬಾಯಲ್ಲಿ ನೋಹನೂ ‘ನೋಆ’ ಅಂತಲೇ ಕೇಳಿಸುತ್ತಾನೆ. ಸಾಲದ್ದಕ್ಕೆ ಕೊನೆಗೆ ಎಚ್ ಇಲ್ಲದ ಸ್ಪೆಲ್ಲಿಂಗಿನ (Noa) ಗಂಡಸರೂ ಅಲ್ಲಿದ್ದಾರೆ. ಫುಟ್‌ಬಾಲ್ ಆಟಗಾರ ನೋಆ ಲಾಂಗ್ ಹಾಗೇ. ಮಗಳು ಶಾಲೆಗೆ ಹೋದಾಗ ಟೀಚರ್ ಹೆಸರು ಕೂಗಿದರೆ ಅವಳ ಜೊತೆ ಒಬ್ಬ ಹುಡುಗನೂ ಎದ್ದು ನಿಲ್ಲುತ್ತಾನೆ ಅಂತಲೇ ಇಟ್ಟುಕೊಳ್ಳಿ. ಇದು ಪರವಾಗಿಲ್ಲ ಅನಿಸಿದರೆ ಧೈರ್ಯವಾಗಿ ಇಡಿ, ಜನನ ಪತ್ರದಲ್ಲಿ ಮಾತ್ರ ಕೊನೆಗೆ ಎಚ್ ಸೇರಿಸಬೇಡಿ. ಬೇಡ ಅನಿಸಿದರೆ ಅಕ್ಕತಂಗಿಯರಲ್ಲಿ ಮಿಲ್ಕಾ ಇದ್ದಾಳೆ, ಕನ್ನಡದ ನಾಲಿಗೆಗೂ ಸಲೀಸು.

ಊರಿನವರ ವಿಷಯ ಒಂದು ಮಾತು. ಕನ್ನಡದಲ್ಲಿ ‘ನೋಆ’ ಅಂತ ಬರೆದರೆ ಕಣ್ಣಿಗೆ ಒಗ್ಗಲ್ಲ, ಜನ ತಾವಾಗಿಯೇ ‘ನೋವಾ’ ಮಾಡುತ್ತಾರೆ. ಫೋನಿನಲ್ಲಿ ನಿಮ್ಮ ಅತ್ತೆಗೆ “ನೋವಾ” ಅಂದರೆ ಮೊದಲ ಸಲ “ಎಲ್ಲಿ ನೋವು?” ಅಂತಲೇ ಕೇಳುತ್ತಾರೆ. ಮನೆಯಲ್ಲಿ ಕರೆಯಲು ಇನ್ನೊಂದು ಹೆಸರು ಇಟ್ಟುಕೊಳ್ಳಿ, ಹೇಗಿದ್ದರೂ ನಾಮಕರಣಕ್ಕೆ ಅವರದ್ದೂ ಒಂದು ಹೆಸರು ತಯಾರಿರುತ್ತದೆ.