ಓದುಗರ ಪ್ರಶ್ನೆ–ಉತ್ತರ: ಕೆರೆ ಪಕ್ಕದ ಊರಿನಲ್ಲಿ ನೆಲೆಸುವ ಮುನ್ನ

ನಗರ ಬಿಟ್ಟು ಹಳ್ಳಿಗೆ ಹೋಗುವ ವಿಚಾರವಾಗಿ ಬಂದಿರುವ ಪತ್ರಗಳಲ್ಲಿ ಕೆರೆಯ ಮಾತೆತ್ತಿರುವ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ನಾನು ಮೈಸೂರು ಬಿಟ್ಟು ಮಂಡ್ಯ ಜಿಲ್ಲೆಯ ಒಂದು ಕೆರೆಯ ಊರಿಗೆ ಬಂದು ಹದಿನಾಲ್ಕು ವರ್ಷಗಳಾದವು. ಆದ್ದರಿಂದ ಈ ಉತ್ತರಗಳಲ್ಲಿ ಕಾಯಿದೆಯ ಮಾತಿನ ಜೊತೆಗೆ ಸ್ವಂತ ಅನುಭವವೂ ಸೇರಿದೆ.

ಪ್ರಶ್ನೆ: ನಾನು, ನನ್ನ ಯಜಮಾನರು ಇಬ್ಬರೂ ನಿವೃತ್ತ ಶಿಕ್ಷಕರು; ಬೆಂಗಳೂರಿನ ಬಸವನಗುಡಿಯಲ್ಲಿದ್ದೇವೆ. ಕಳೆದ ಅಕ್ಟೋಬರಿನಲ್ಲಿ ಮೇಲುಕೋಟೆಗೆ ಹೋಗಿ ಬರುವಾಗ ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯನ್ನು ನೋಡಿದಂದಿನಿಂದ ಅಂಥದೊಂದು ಜಾಗದಲ್ಲಿ ಉಳಿದ ದಿನ ಕಳೆಯಬೇಕೆಂಬ ಆಸೆ ಹುಟ್ಟಿದೆ. ದಲ್ಲಾಳಿಯೊಬ್ಬರು ಅದೇ ಸೀಮೆಯ ಇನ್ನೊಂದು ಕೆರೆಯ ನೀರಿನಂಚಿಗೇ ಹೊಂದಿಕೊಂಡ ಹತ್ತು ಗುಂಟೆ ಜಮೀನನ್ನು ತೋರಿಸಿ, ಮುಂಗಡ ಕೊಡುವಂತೆ ಅವಸರಪಡಿಸುತ್ತಿದ್ದಾರೆ. ಕೊಳ್ಳಬಹುದೇ?

ಉತ್ತರ: ಅಕ್ಟೋಬರಿನಲ್ಲಿ ನೋಡಿದ ಕೆರೆಯನ್ನು ಏಪ್ರಿಲ್‌ನಲ್ಲಿ ಇನ್ನೊಮ್ಮೆ ನೋಡುವವರೆಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. ನಮ್ಮ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಹೆಚ್ಚು ಮಳೆ ಸುರಿಯುವ ಕಾಲ. ನೀವು ಕಂಡದ್ದು ವರ್ಷದಲ್ಲಿಯೇ ಕೆರೆ ತುಂಬಿ ತುಳುಕುವ ಹೊತ್ತು. ತೊಣ್ಣೂರಿನ ಕೆರೆಯನ್ನು ಎಲ್ಲ ಕೆರೆಗಳಿಗೂ ಅಳತೆಗೋಲಾಗಿ ಇಟ್ಟುಕೊಳ್ಳುವುದೂ ತಪ್ಪಾಗುತ್ತದೆ. ಬೆಟ್ಟಗಳ ನಡುವಿನ ಕಿರಿದಾದ ಕಣಿವೆಗೆ ಏರಿ ಕಟ್ಟಿ ನಿಲ್ಲಿಸಿದ ಆ ನೀರು ಆಳವಾದುದು, ತಿಳಿಯಾದುದು. ರಾಮಾನುಜಾಚಾರ್ಯರು ಅದಕ್ಕೆ ತಿರುಮಲಸಾಗರವೆಂದು ಹೆಸರಿಟ್ಟರೆಂಬ ಪ್ರತೀತಿ ಇದೆ. ಮುಂದೆ ಹೈದರಾಬಾದಿನ ನಿಜಾಮನ ಮಗ ನಾಸಿರ್ ಜಂಗ್ ಆ ನೀರಿನ ಹೊಳಪಿಗೆ ಮಾರುಹೋಗಿ ಮೋತಿ ತಲಾಬ್ ಎಂದು ಕರೆದನೆಂದು ಹೇಳುತ್ತಾರೆ. ಬಯಲುಸೀಮೆಯ ಸಾಮಾನ್ಯ ಕೆರೆಗಳು ಹಾಗಿರುವುದಿಲ್ಲ. ಅವು ಅಗಲವಾಗಿ, ತೆಳ್ಳಗೆ ಹರಡಿಕೊಂಡಿರುತ್ತವೆ. ನೀರಿನ ಮಟ್ಟ ಒಂದಾಳು ಇಳಿಯಿತೆಂದರೆ ದಂಡೆ ಎರಡು ಮೂರು ಹೊಲಗಳಷ್ಟು ದೂರ ಸರಿದುಬಿಡುತ್ತದೆ.

ನಮ್ಮೂರ ಕೆರೆಯ ಏಪ್ರಿಲ್ ತಿಂಗಳನ್ನೇ ಹೇಳುತ್ತೇನೆ. ಏರಿಯ ಮೇಲಿನಿಂದ ಕೆರೆಯಂಗಳಕ್ಕೆ ಇಳಿದರೆ ಕೆಸರು ಒಣಗಿ, ಕಾದ ಹಪ್ಪಳದಂತೆ ಅಂಚು ಮೇಲೆತ್ತಿಕೊಂಡು ಬಿರಿದಿರುತ್ತದೆ; ಬಿರುಕುಗಳ ನಡುವೆ ಕಪ್ಪೆಚಿಪ್ಪು, ಎಮ್ಮೆಯ ಗೊರಸಿನ ಗುರುತು, ಹರಿದ ಬಲೆಯ ಚೂರು. ದೂರದಲ್ಲಿ ಉಳಿದ ಮೊಣಕಾಲುದ್ದದ ನೀರಿನಿಂದ ಮೀನಿನ ವಾಸನೆ ಊರೊಳಗೂ ಬರುತ್ತದೆ. ರೈತರು ಟ್ರ್ಯಾಕ್ಟರ್ ತಂದು ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುತ್ತಾರೆ. ಬೆಳಗಿನ ಐದು ಗಂಟೆಯಿಂದಲೇ ಅದರ ಸದ್ದು. ಈ ಕೆರೆಯ ಜೊತೆಗೂ ನೀವು ಬಾಳಬಲ್ಲಿರಾ ಎಂಬುದು ಮೊದಲ ಪ್ರಶ್ನೆ. ನನಗಂತೂ ಈಗ ಅಕ್ಟೋಬರಿನ ಕೆರೆಯಷ್ಟೇ ಏಪ್ರಿಲ್‌ನ ಕೆರೆಯೂ ಪ್ರಿಯವಾಗಿದೆ, ಆದರೆ ಹಾಗಾಗಲು ನಾಲ್ಕೈದು ವರ್ಷಗಳು ಬೇಕಾದವು.

ಕೆರೆಯನ್ನು ಕಟ್ಟಿದ್ದು ಅದರ ನೀರುಣ್ಣುವ ಅಚ್ಚುಕಟ್ಟಿನ ಹೊಲಗಳಿಗಾಗಿ. ತೂಬು ಎತ್ತಿ ನೀರು ಬಿಡುವ ದಿನ ಕೆರೆ ಇಳಿಯುತ್ತದೆ. ಅದು ಇಳಿಯಲೇಬೇಕು, ಇಲ್ಲದಿದ್ದರೆ ಭತ್ತದ ಗದ್ದೆ ಒಣಗುತ್ತದೆ. ದಂಡೆಯಲ್ಲಿ ಮನೆ ಕಟ್ಟಿಕೊಂಡವರು ‘ನೀರು ಕಡಿಮೆಯಾಯಿತು, ನೋಟ ಹಾಳಾಯಿತು’ ಎಂದು ಬೇಸರಪಡುವುದನ್ನು ನಾನು ಕೇಳಿದ್ದೇನೆ. ಆ ಬೇಸರವನ್ನು ಊರಿನವರ ಮುಂದೆ ಆಡಿದರೆ ಅವರ ಮನಸ್ಸು ಮುರಿಯುತ್ತದೆ. ಜೊತೆಗೆ ವರ್ಷವರ್ಷಕ್ಕೂ ಅಜಗಜಾಂತರ ವ್ಯತ್ಯಾಸವಿರುತ್ತದೆ. 2022ರ ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಕೆರೆಗಳು ಒಂದಾದಮೇಲೊಂದು ತುಂಬಿ ಕೋಡಿ ಹರಿದವು, ರಾಮನಗರದ ಬಳಿ ಹೊಸ ಹೆದ್ದಾರಿಯ ಮೇಲೆಯೇ ನೀರು ನಿಂತಿತು. ಮರುವರ್ಷ, 2023ರಲ್ಲಿ, ಬರ, ಕೃಷ್ಣರಾಜಸಾಗರವೇ ತುಂಬಲಿಲ್ಲ. ಈ ಎರಡು ವರ್ಷಗಳ ನೀರಿನ ಗಡಿ ಎಲ್ಲೆಲ್ಲಿತ್ತು ಎಂಬುದನ್ನು ಆ ಜಮೀನಿನ ಮೇಲೆ ನಿಂತು ಅಕ್ಕಪಕ್ಕದ ರೈತರಿಂದ ಕೇಳಿ ತಿಳಿದುಕೊಳ್ಳಿ. ನಾನು ಮೊದಲ ಸಲ ಜಾಗ ಹುಡುಕುತ್ತಿದ್ದಾಗ ಗದ್ದೆಗಳಿಗೆ ನೀರು ಹಂಚುವ ವಯಸ್ಸಾದ ನೀರುಗಂಟಿಯೊಬ್ಬರು, ‘ಕೋಡಿ ಬಿದ್ದಾಗ ಬಂದು ನೋಡಿ ಸ್ವಾಮಿ, ನೀರು ಎಲ್ಲಿಗಂಟ ಬತ್ತದೆ ಅಂತ’ ಎಂದಿದ್ದರು. ನಾನು ಮೆಚ್ಚಿಕೊಂಡಿದ್ದ ತೆಂಗಿನ ಸಾಲಿನ ಬುಡದವರೆಗೂ ಆ ವರ್ಷ ನೀರು ಬಂತು. ಅವರ ಮಾತು ನನ್ನ ಉಳಿತಾಯವನ್ನು ಉಳಿಸಿತು.

ಇನ್ನು ಕಾಗದಪತ್ರದ ವಿಚಾರ. ನೀರಿನಂಚಿಗೇ ಹೊಂದಿಕೊಂಡ ಜಮೀನು ಎಂದ ಕೂಡಲೇ ಅದು ಕೆರೆಯಂಗಳಕ್ಕೇ ಸೇರಿದ್ದಿರಬಹುದು ಎಂದು ಅನುಮಾನಿಸಿ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಅನ್ನು ಮೊಬೈಲಿಗೆ ಹಾಕಿಕೊಂಡು ಸ್ಥಳದಲ್ಲಿಯೇ ನಿಂತರೆ ಸರ್ವೆ ನಂಬರು, ಕೆರೆಯ ಗಡಿ ಎರಡೂ ಕಾಣುತ್ತವೆ; ಅದು ಮೊದಲ ಜರಡಿ ಮಾತ್ರ, ಕೊನೆಯ ಪುರಾವೆಯಲ್ಲ. ಗ್ರಾಮ ನಕ್ಷೆ, ಪಹಣಿ, ಸರ್ವೆ ನಂಬರಿನ ವಿಸ್ತೀರ್ಣ ತೋರಿಸುವ ಆಕಾರ್‌ಬಂದ್, ಋಣಭಾರ ಪತ್ರಗಳನ್ನು ತೆಗೆಸಿ, ಪಹಣಿಯಲ್ಲಿ ಖರಾಬು (ಸಾಗುವಳಿಗೆ ಬಾರದ ನೆಲ) ಎಂದು ಎಷ್ಟು ತೋರಿಸಿದೆ ಎಂಬುದನ್ನು ನೋಡಬೇಕು; ‘ಬ’ ಖರಾಬು ಎಂದರೆ ಸಾರ್ವಜನಿಕ ನೆಲ, ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ಗುರುತಿಸುವ 11ಇ ನಕ್ಷೆಯಿಲ್ಲದೆ ನೋಂದಣಿಯಾಗದು. ಆ ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸರ್ಕಾರದಿಂದ ಮಂಜೂರಾದುದೇ ಎಂದು ವಿಚಾರಿಸಿ. ಹೀಗೆ ಮಂಜೂರಾದ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯಿದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅಂಥ ನೆಲವನ್ನು ಕೊಂಡರೆ ಕ್ರಯವೇ ಅಸಿಂಧುವಾಗುತ್ತದೆ. ಅಂಥ ನೆಲ ಅದನ್ನು ಪಡೆದ ಕುಟುಂಬದ ಬದುಕಿನ ಆಧಾರವಾದ್ದರಿಂದ, ಕಾಯಿದೆಯ ಭಯವಿಲ್ಲದಿದ್ದರೂ ಅದರ ಆಸೆ ಪಡಬಾರದೆಂಬುದು ನನ್ನ ನಿಲುವು. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂಬುದು ನಿಜ, ಆದರೆ ಕೊಂಡ ಮಾತ್ರಕ್ಕೆ ಅಲ್ಲಿ ಮನೆ ಎಬ್ಬಿಸುವ ಹಕ್ಕು ಬರುವುದಿಲ್ಲ. ಅದಕ್ಕೆ ಭೂಕಂದಾಯ ಕಾಯಿದೆಯ 95ನೇ ಕಲಮಿನಡಿ ಕೃಷಿಯೇತರ ಬಳಕೆಗೆ ಪರಿವರ್ತನೆ ಬೇಕು. ಸ್ವಂತ ಬಳಕೆಗೆ ತೋಟದ ಮನೆ ಕಟ್ಟಿಕೊಳ್ಳಲು ಅದೇ ಕಲಮಿನಲ್ಲಿರುವ ವಿನಾಯಿತಿಯು ಹಿಡುವಳಿಯ ಹತ್ತನೇ ಒಂದು ಭಾಗವನ್ನು ಮೀರುವಂತಿಲ್ಲ. ಹತ್ತು ಗುಂಟೆಗೆ ಅದು ಒಂದು ಗುಂಟೆ. ಇಷ್ಟನ್ನೂ ನೋಡಲು ತಾಲ್ಲೂಕಿನ ಅನುಭವಸ್ಥ ವಕೀಲರನ್ನು ನೀವೇ ಗೊತ್ತುಮಾಡಿಕೊಳ್ಳಿ, ದಲ್ಲಾಳಿ ತೋರಿಸಿದವರನ್ನಲ್ಲ.

ಹಾಗಾದರೆ ಎಲ್ಲಿರಬೇಕು? ಊರೊಳಗೆ ಇರಿ. ಗ್ರಾಮಠಾಣದ ಹಳೆಯ ಮನೆಯೊಂದನ್ನು ಒಂದು ವರ್ಷ ಬಾಡಿಗೆಗೆ ಹಿಡಿಯಿರಿ. ಹಿರಿಯರು ಊರು ಕಟ್ಟುವಾಗ ದಿಬ್ಬವನ್ನೇ ಆರಿಸಿಕೊಂಡಿರುತ್ತಾರೆ, ಕೆರೆಯ ಏರಿ ಅಲ್ಲಿಂದ ಹತ್ತು ನಿಮಿಷದ ನಡಿಗೆಯಲ್ಲಿರುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ವಿದ್ಯುತ್ ಮಾರ್ಗವನ್ನು ಬೇರ್ಪಡಿಸಿರುವುದರಿಂದ ಊರೊಳಗೆ ಕರೆಂಟು ಬಹುಮಟ್ಟಿಗೆ ಇರುತ್ತದೆ. ಹೊಲದ ನಡುವಿನ ಒಂಟಿ ಮನೆಯವರು ಪಂಪ್‌ಸೆಟ್ಟಿನ ಪಾಳಿಗೆ ಕಾದು ಕೂರಬೇಕಾಗುತ್ತದೆ. ಇಳಿವಯಸ್ಸಿನಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ರಾತ್ರಿ ಎದೆನೋವು ಬಂದರೆ 108ಕ್ಕೆ ಕರೆ ಮಾಡಬಹುದು, ಆದರೆ ಆ್ಯಂಬುಲೆನ್ಸಿಗೆ ದಾರಿ ತೋರಿಸಲು ಟಾರ್ಚು ಹಿಡಿದು ಊರ ಬಾಗಿಲಿಗೆ ಹೋಗಿ ನಿಲ್ಲುವವರು ನೆರೆಹೊರೆಯವರೇ. ತೊಣ್ಣೂರಿನಿಂದ ಪಾಂಡವಪುರ ಸುಮಾರು 10 ಕಿಲೋಮೀಟರು, ಮೈಸೂರು ಸುಮಾರು 40. ಹೃದ್ರೋಗಕ್ಕೆ ಮೈಸೂರಿನ ಜಯದೇವ ಆಸ್ಪತ್ರೆ ಇದೆ. ನೀವು ಆರಿಸಿದ ಊರಿನಿಂದ ಅಲ್ಲಿಗೆ ರಾತ್ರಿ ಹೊತ್ತಿನಲ್ಲಿ ಎಷ್ಟು ಸಮಯ ಬೇಕು ಎಂಬುದನ್ನು ಒಂದು ಸಲ ಕಾರಿನಲ್ಲಿ ಹೋಗಿಯೇ ಲೆಕ್ಕ ಹಾಕಿ. ಹಗಲಿನ ಓಡಾಟಕ್ಕೆ ನಿಮಗೆ ಚಿಂತೆಯಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ನಮ್ಮೂರಿನ ಎಷ್ಟೋ ಹೆಂಗಸರು ಮೈಸೂರನ್ನು ಹೊಸದಾಗಿ ಕಂಡಂತೆ ಓಡಾಡುತ್ತಿದ್ದಾರೆ, ನಿಮ್ಮ ಯಜಮಾನರು ಮಾತ್ರ ಟಿಕೆಟ್ ಕೊಳ್ಳಬೇಕು.

ಪ್ರಶ್ನೆ: ನಾವಿಬ್ಬರೂ ಮೈಸೂರಿನಲ್ಲಿ ಕೆಲಸದಲ್ಲಿದ್ದೇವೆ, ಆರು ವರ್ಷದ ಮಗಳಿದ್ದಾಳೆ. ಶ್ರೀರಂಗಪಟ್ಟಣದ ಆಚೆ ಕೆರೆಯ ಊರೊಂದರಲ್ಲಿ ಮನೆ ಮಾಡಿ ದಿನವೂ ಓಡಾಡುವುದು ಸಾಧ್ಯವೇ?

ಉತ್ತರ: ಸಾಧ್ಯ. ಮಗಳ ಶಾಲೆಯನ್ನು ಮೊದಲು ಗೊತ್ತುಮಾಡಿಕೊಂಡು, ಅದರ ಸುತ್ತ ಊರನ್ನು ಹುಡುಕಿ. ಊರನ್ನು ಮೊದಲು ಆರಿಸಿ ಶಾಲೆಯನ್ನು ಆಮೇಲೆ ಹುಡುಕಿದವರು ಎರಡೇ ವರ್ಷಗಳಲ್ಲಿ ನಗರಕ್ಕೆ ಮರಳಿದ್ದನ್ನು ಕಂಡಿದ್ದೇನೆ. ಬೈಕು, ಸ್ಕೂಟರುಗಳಿಗೆ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಪ್ರವೇಶವಿಲ್ಲವಾದ್ದರಿಂದ ಸರ್ವಿಸ್ ರಸ್ತೆಯ ಸಮಯವನ್ನೇ ಲೆಕ್ಕಕ್ಕೆ ಹಿಡಿಯಿರಿ. ಕಬ್ಬಿನ ಗದ್ದೆಗಳ ನಡುವಿನ ದಾರಿಯಲ್ಲಿ ಕತ್ತಲಾದ ಮೇಲೆ ಸ್ಕೂಟರಿನಲ್ಲಿ ಒಬ್ಬರೇ ಬರುವುದನ್ನು ಆದಷ್ಟು ತಪ್ಪಿಸಬೇಕು, ನಮ್ಮ ಸೀಮೆಯಲ್ಲಿ ಚಿರತೆಗಳು ಕಬ್ಬಿನೊಳಗೆ ಮರಿಹಾಕುತ್ತವೆ. ಮಗಳನ್ನು ಸಂಜೆ ಹಾಲಿನ ಡೈರಿಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ. ಊರಿನ ಮಕ್ಕಳೆಲ್ಲ ಕ್ಯಾನು ಹಿಡಿದು ಅಲ್ಲಿಗೇ ಬರುತ್ತಾರೆ. ಅವಳಿಗೆ ಗೆಳತಿಯರು ಸಿಗುವ ಜಾಗ ಅದೇ.

ಪ್ರಶ್ನೆ: ನಾನು ಕೆರೆಯ ಊರಿನವನೇ, ಎರಡು ಎಕರೆ ಗದ್ದೆ ಇದೆ. ಭಾನುವಾರವಾದರೆ ನಗರದವರು ಕಾರುಗಳಲ್ಲಿ ಬಂದು ಏರಿಯ ಮೇಲೆ ಬಾಟಲಿ, ತಟ್ಟೆಗಳನ್ನು ಬಿಸಾಡಿ ಹೋಗುತ್ತಾರೆ. ಈಗ ಜಮೀನನ್ನೂ ಕೊಳ್ಳುತ್ತಿದ್ದಾರೆ. ನಿಮ್ಮ ಅಂಕಣ ಅವರನ್ನೇ ಕರೆಯುವಂತಿದೆ. ನಾವೇನು ಮಾಡಬೇಕು?

ಉತ್ತರ: ನಿಮ್ಮ ನೋವು ನ್ಯಾಯವಾದುದು. ಹೊರಗಿನಿಂದ ಬಂದವನಾದ ನಾನು ಅದನ್ನು ಅರಿತೇ ಬರೆಯುತ್ತಿದ್ದೇನೆ. ಏರಿಯ ಮೇಲೆ ಒಡೆದ ಬಾಟಲಿಯ ಚೂರು ಬರಿಗಾಲಿನ ನೀರುಗಂಟಿಯ ಅಂಗಾಲಿಗೆ ಹೊಕ್ಕಿದ್ದನ್ನು ನಾನೇ ಕೈಯಾರೆ ತೆಗೆದಿದ್ದೇನೆ. ಹದಿನೈದು ದಿನ ಅವರು ತೂಬಿನ ಬಳಿಗೆ ಹೋಗಲಾಗಲಿಲ್ಲ.

ಜನ ಬರುವುದನ್ನು ತಡೆಯಲಾಗದು, ಆದರೆ ಅವರು ಹೇಗೆ ಬರಬೇಕೆಂಬುದನ್ನು ಊರು ತೀರ್ಮಾನಿಸಬಹುದು. ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ, ನಮ್ಮದೇ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿದೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಸುತ್ತಲಿನ ಕೆರೆಗಳಲ್ಲಿ ಮೀನು ಹಿಡಿದು, ಮನೆಗಳ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಹಿಕ್ಕೆಯ ನಾತವನ್ನು ಸಹಿಸಿಕೊಂಡು, ಹುಣಸೆಯ ಫಸಲು ಹೋದರೂ ಊರಿನವರು ಹಕ್ಕಿಗಳನ್ನು ಓಡಿಸಲಿಲ್ಲ. ಆ ಹಿಕ್ಕೆಯನ್ನೇ ಗುಂಡಿಯಲ್ಲಿ ಕೂಡಿಸಿ ಗೊಬ್ಬರ ಮಾಡಿಕೊಂಡರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಬೆಂಗಳೂರಿನಿಂದ ನೋಡಲು ಹೋಗುವವರು ಅಲ್ಲಿ ತಾವಾಗಿಯೇ ದನಿ ತಗ್ಗಿಸಿ ಮಾತಾಡುವುದನ್ನು ನಾನು ಕಂಡಿದ್ದೇನೆ, ಏಕೆಂದರೆ ಇಡೀ ಊರಿನ ಕಣ್ಣು ಅವರ ಮೇಲಿರುತ್ತದೆ.

ನಿಮ್ಮ ಊರಿನಲ್ಲಿ ಕೆರೆ ಬಳಕೆದಾರರ ಸಂಘವಿದ್ದರೆ ಅದನ್ನು ಎಬ್ಬಿಸಿ. 2002ರ ಬಳಿಕ ಜಲ ಸಂವರ್ಧನೆ ಯೋಜನೆಯಡಿ ರಾಜ್ಯದ ಹಲವೆಡೆ ಇಂಥ ಸಂಘಗಳು ರಚನೆಯಾದವು, ಎಷ್ಟೋ ಈಗ ಹೆಸರಿಗಷ್ಟೇ ಉಳಿದಿವೆ. ಸಂಘವಿಲ್ಲದಿದ್ದರೆ ಗ್ರಾಮಸಭೆಯಲ್ಲಿ ವಿಷಯವಿಟ್ಟು, ಏರಿಯ ಮೇಲೆ ಕಾರು ಹತ್ತದಂತೆ ಎರಡೂ ತುದಿಗೆ ಕಲ್ಲು ನೆಡಿಸುವ ನಿರ್ಣಯ ಮಾಡಿಸಿ ನಡಾವಳಿಯಲ್ಲಿ ಬರೆಸಿ. ಕಾರು ಏರಿಯ ಬುಡದಲ್ಲಿಯೇ ನಿಂತರೆ ಹೊತ್ತು ತರುವ ಸಾಮಾನೂ, ಬಿಟ್ಟು ಹೋಗುವ ಕಸವೂ ಕಡಿಮೆಯಾಗುತ್ತವೆ. ನಮ್ಮೂರಿನಲ್ಲಿ ಹಾಗೇ ಆಯಿತು. ಜಮೀನಿನ ವಿಚಾರದಲ್ಲಿ ನಾನು ಕೇಳಿಕೊಳ್ಳುವುದು ಒಂದನ್ನೇ. ಮಾರಲೇಬೇಕಾಗಿ ಬಂದರೆ ಕೆರೆಗೆ ನೀರು ತರುವ ಹಳ್ಳದ ದಡದ ನೆಲವನ್ನು ಎಲ್ಲಕ್ಕಿಂತ ಕೊನೆಗೆ ಮಾರಿ. ಆ ಹಳ್ಳಕ್ಕೆ ಯಾರಾದರೂ ಕಾಂಪೌಂಡು ಎಬ್ಬಿಸಿದರೆ ಮರುವರ್ಷವೇ ನಿಮ್ಮ ಗದ್ದೆಗೆ ನೀರು ಸಾಲದಾಗುತ್ತದೆ. ಹೊಸದಾಗಿ ಬಂದವರನ್ನು ಊರ ಹಬ್ಬದ ವಂತಿಗೆಗೂ, ಕಾಲುವೆ ಹೂಳೆತ್ತುವ ದಿನಕ್ಕೂ ಮುಲಾಜಿಲ್ಲದೆ ಕರೆಯಿರಿ. ನನ್ನನ್ನು ಮೊದಲ ವರ್ಷ ಯಾರೂ ಕರೆಯಲಿಲ್ಲ. ಎರಡನೆಯ ವರ್ಷ ಗುದ್ದಲಿ ಕೈಗಿಟ್ಟು ಕರೆದುಕೊಂಡು ಹೋದ ದಿನ ನಾನು ಆ ಊರಿನವನಾದೆ.

ಪ್ರಶ್ನೆ: ರಜೆಯಲ್ಲಿ ಬರುವ ಮೊಮ್ಮಕ್ಕಳಿಗೆ ಕೆರೆಯಲ್ಲಿ ಈಜು ಕಲಿಸಬಹುದೇ?

ಉತ್ತರ: ಬೇಡ. ತೊಣ್ಣೂರಿನಂಥ ಕೆರೆಗಳಲ್ಲಿ ನೀರಿಗಿಳಿದು ಪ್ರಾಣ ಕಳೆದುಕೊಂಡವರಿದ್ದಾರೆ, ಅವರಲ್ಲಿ ಎಳೆಯ ವಯಸ್ಸಿನವರೂ ಇದ್ದಾರೆ. ಮಣ್ಣು ತೆಗೆದ ಗುಂಡಿಗಳು ನೀರು ತುಂಬಿದ ಮೇಲೆ ಮೇಲಿನಿಂದ ಕಾಣುವುದಿಲ್ಲ, ಹೂಳಿನಲ್ಲಿ ಹೂತ ಕಾಲನ್ನು ಕಿತ್ತುಕೊಳ್ಳಲು ಬಲ್ಲ ಈಜುಗಾರರಿಗೂ ಕಷ್ಟ, ತೂಬಿನ ಹತ್ತಿರ ನೀರು ಒಳಗೆ ಸೆಳೆಯುತ್ತದೆ. ಈಜನ್ನು ನಗರದ ಈಜುಕೊಳದಲ್ಲಿ ಕಲಿಸಿ. ಕೆರೆಗೆ ಬೆಳಿಗ್ಗೆ ಆರು ಗಂಟೆಗೆ ಮಕ್ಕಳನ್ನು ಏರಿಯ ಮೇಲೆ ಕರೆತಂದು ಕೂರಿಸಿ, ನಾಮದ ಕೋಳಿಗಳು ಮುಳುಗಿ ಎಲ್ಲಿ ಏಳುತ್ತವೆಂದು ಊಹಿಸಲು ಹೇಳಿ. ನಮ್ಮ ಮನೆಗೆ ಬರುವ ಮಕ್ಕಳು ಇದರಲ್ಲಿ ತಿಂಡಿಯ ಹೊತ್ತನ್ನೇ ಮರೆಯುತ್ತಾರೆ.