ಅನ್ನಾ ವಿಚ್ಛೇದನ ಪಡೆಯಲಿಲ್ಲ, ಯಾಕೆ?

ಪ್ರಶ್ನೆ: ಟಾಲ್‌ಸ್ಟಾಯ್ ಅವರ 'ಅನ್ನಾ ಕರೆನಿನಾ' ಓದಿ ಮುಗಿಸಿದೆ. ಗಂಡನೇ ಒಮ್ಮೆ ವಿಚ್ಛೇದನಕ್ಕೆ ಒಪ್ಪುತ್ತಾನಲ್ಲ? ಆಗಲೇ ಪಡೆದು ಪ್ರಿಯಕರ ವ್ರಾನ್‌ಸ್ಕಿಯನ್ನು ಮದುವೆಯಾಗಬಹುದಿತ್ತು. ಬರೀ ಹಟವೇ?

ಉತ್ತರ: ಗಂಡ ಯಾವುದಕ್ಕೆ ಒಪ್ಪಿದ ಅನ್ನುವುದರಲ್ಲೇ ಗಂಟಿದೆ. ಕಾದಂಬರಿ ಧಾರಾವಾಹಿಯಾಗಿ ಬರತೊಡಗಿದ್ದು 1875ರಲ್ಲಿ. ಆಗ ರಷ್ಯಾದ ಆರ್ಥೊಡಾಕ್ಸ್ ಕ್ರೈಸ್ತರ ವಿಚ್ಛೇದನ ಚರ್ಚಿನ ಕೈಯಲ್ಲಿತ್ತು. ಮನಸ್ಸು ಹೊಂದಲಿಲ್ಲ ಎಂಬುದು ಅಲ್ಲಿ ಕಾರಣವೇ ಅಲ್ಲ.

4ನೇ ಭಾಗದ 5ನೇ ಅಧ್ಯಾಯ ಮತ್ತೆ ತೆಗೆದು ನೋಡಿ. ಅನ್ನಾಳ ಗಂಡ ಕರೆನಿನ್‌ಗೆ ವಕೀಲ ಕಾರಣಗಳನ್ನು ಎಣಿಸಿ ಹೇಳುತ್ತಾನೆ: ದೈಹಿಕ ನ್ಯೂನತೆ, ಐದು ವರ್ಷ ಸುದ್ದಿಯಿಲ್ಲದೆ ಕಾಣೆಯಾಗುವುದು, ವ್ಯಭಿಚಾರ. ಕರೆನಿನ್ ಬಳಿ ಇರುವುದು ಹೆಂಡತಿಗೆ ಬಂದ ಪತ್ರಗಳು. ಅಷ್ಟು ಸಾಲದು, ಕಣ್ಣಾರೆ ಕಂಡ ಸಾಕ್ಷಿಗಳೇ ಬೇಕು. ಮಾತಿನ ನಡುವೆ ವಕೀಲನ ಮೂಗಿನ ಮುಂದೆಯೇ ಬಟ್ಟೆ ತಿನ್ನುವ ಪತಂಗವೊಂದು ಹಾರುತ್ತದೆ. ಹಿಡಿಯಲು ಕೈ ಎತ್ತಿದವನು ಕಕ್ಷಿದಾರನ ಪರಿಸ್ಥಿತಿ ನೆನೆದು ಸುಮ್ಮನಾಗುತ್ತಾನೆ. ಅಷ್ಟೇ ಅವನ ಮರ್ಯಾದೆ, ಆಮೇಲೆ ಇನ್ನೊಂದನ್ನು ಹಿಡಿದೇ ಬಿಡುತ್ತಾನೆ!

ಸಾಕ್ಷಿ ಸಿಕ್ಕರೂ ತೊಡಕು ತೀರುವುದಿಲ್ಲ. ವ್ಯಭಿಚಾರದ ತಪ್ಪು ಯಾರ ಮೇಲೆ ಬಿತ್ತೋ ಅವರು ಮರುಮದುವೆಯಾಗುವಂತಿರಲಿಲ್ಲ. ಈ ನಿಷೇಧ ಸಡಿಲವಾದದ್ದು 1904ರಲ್ಲಿ. ಅಂದರೆ ಕರೆನಿನ್ ನಿಜ ಹೇಳಿ ಗೆದ್ದರೆ ಅನ್ನಾ ಬಿಡುಗಡೆಯಾಗುತ್ತಾಳೆ, ವ್ರಾನ್‌ಸ್ಕಿಯ ಹೆಂಡತಿಯಾಗಲಾರಳು. ಉಳಿದ ದಾರಿ ಒಂದೇ: ತಪ್ಪು ಮಾಡದ ಗಂಡ ತಾನೇ ವ್ಯಭಿಚಾರಿ ಎಂದು ಸುಳ್ಳು ಒಪ್ಪಿಕೊಳ್ಳಬೇಕು. ಹೆರಿಗೆಯ ಜ್ವರದಲ್ಲಿ ಸಾಯುವಂತಿದ್ದ ಅನ್ನಾಳನ್ನು ಕ್ಷಮಿಸಿದ ಮೇಲೆ ಅವನು ಒಪ್ಪಿದ್ದು ಇದಕ್ಕೆ. ಆ ಔದಾರ್ಯದ ಋಣ ಅವಳಿಗೆ ಬೇಡವಾಯಿತು. ಇದನ್ನು ಹಟ ಎನ್ನಲು ನನಗೆ ಮನಸ್ಸು ಬಾರದು. ಮುಂದೆ ಅವಳೇ ಕೇಳುವ ಹೊತ್ತಿಗೆ ಕರೆನಿನ್ ಕೌಂಟೆಸ್ ಲಿಡಿಯಾಳ ಭಕ್ತಿಕೂಟ ಸೇರಿದ್ದಾನೆ. ಲಾಂಡೌ ಎಂಬ ಫ್ರೆಂಚ್ ಕಣಿಗಾರ ನಿದ್ದೆಗಣ್ಣಿನಲ್ಲಿ ಏನೋ ಗೊಣಗಿದ ಮರುದಿನವೇ ಉತ್ತರ 'ಇಲ್ಲ'.

ಅನೇಕರು ಹಾರಿಸಿ ಓದುವ ಇನ್ನೊಂದು ಜಾಗ 6ನೇ ಭಾಗದ 21ನೇ ಅಧ್ಯಾಯ. ವ್ರಾನ್‌ಸ್ಕಿ ಅನ್ನಾಳ ಅತ್ತಿಗೆ ಡಾಲಿಯ ಮುಂದೆ, ವಿಚ್ಛೇದನ ತನಗೆ ಯಾಕೆ ಬೇಕು ಎಂದು ತೋಡಿಕೊಳ್ಳುತ್ತಾನೆ: ಮಗಳು ತನ್ನವಳೇ, ಕಾನೂನಿನ ಲೆಕ್ಕದಲ್ಲಿ ಕರೆನಿನ್‌ನವಳು, ನಾಳೆ ಮಗ ಹುಟ್ಟಿದರೂ ತನ್ನ ಹೆಸರಿಗಾಗಲಿ ಆಸ್ತಿಗಾಗಲಿ ವಾರಸುದಾರನಾಗಲಾರ. ಎರಡು ಅಧ್ಯಾಯ ಕಳೆದು, ಅದೇ ಡಾಲಿಗೆ ಅನ್ನಾ ಇನ್ನು ತನಗೆ ಮಕ್ಕಳಾಗುವುದಿಲ್ಲ, ತನಗೇ ಬೇಡ ಎಂದು ಹೇಳುತ್ತಾಳೆ.