ಎಂಬಿಬಿಎಸ್ ಬಿಟ್ಟು ಡೆಂಟಲ್ ಸೇರಲಾ? – ಪ್ರತಿಕ್ರಿಯೆ

ಮಡಿಕೇರಿಯಲ್ಲಿ ಎಂಬಿಬಿಎಸ್ ಮೊದಲ ವರ್ಷದಲ್ಲಿದ್ದೀರಿ, ಬಿಟ್ಟು ವಿರಾಜಪೇಟೆಯಲ್ಲಿ ಬಿಡಿಎಸ್ (ಹಲ್ಲಿನ ಡಾಕ್ಟರ್ ಕೋರ್ಸ್) ಸೇರಿದರೆ ಈ ವರ್ಷ ಓದಿದ್ದು ಲೆಕ್ಕಕ್ಕೆ ಬರುತ್ತಾ ಅಂತ ಕೇಳಿದ್ದೀರಿ. ಬರಲ್ಲ. ನೇರವಾಗಿ ಬದಲಾಯಿಸಿಕೊಳ್ಳುವ ದಾರಿ ಇಲ್ಲ. ನೀಟ್ ಅಂಕ ಆ ವರ್ಷಕ್ಕೆ ಮಾತ್ರ ನಡೆಯುತ್ತದೆ. ಹಾಗಾಗಿ ಮತ್ತೆ ಪರೀಕ್ಷೆ, ಮತ್ತೆ ಸೀಟು ಹಂಚುವ ಕೌನ್ಸೆಲಿಂಗ್, ಮತ್ತೆ ಮೊದಲ ವರ್ಷ. ಬಿಡಿಎಸ್ ಇಂಟರ್ನ್‌ಶಿಪ್ ಸೇರಿ 5 ವರ್ಷ. ಎಂಬಿಬಿಎಸ್ ಐದೂವರೆ. ಒಂದು ವರ್ಷ ಕಳೆದು ಬಂದರೆ ಸಮಯವೇನೂ ಉಳಿಯಲ್ಲ.

ಹೆಣ ಕೊಯ್ಯೋದು ಆಗ್ತಿಲ್ಲ ಅಂತ ಬಿಡೋದಾದರೆ ಸ್ವಲ್ಪ ತಡೆಯಿರಿ. ಬಿಡಿಎಸ್‌ನಲ್ಲೂ ಮೊದಲ ವರ್ಷ ಅನಾಟಮಿ (ದೇಹರಚನೆಯ ಪಾಠ) ಇದೆ. ತಲೆ, ಕತ್ತಿನ ಭಾಗವಂತೂ ಜಾಸ್ತಿಯೇ. ಮೂರನೇ ವರ್ಷ ಜನರಲ್ ಮೆಡಿಸಿನ್, ಸರ್ಜರಿ ಕೂಡ ಓದಬೇಕು.

ಬೇರೆ ಇರೋದು ಕೈ ಕೆಲಸ. ಮೇಣದ ತುಂಡನ್ನು ಕೆತ್ತಿ ಕೆತ್ತಿ ದವಡೆಹಲ್ಲು ಮಾಡಬೇಕು. ಕೊನೆಗೆ ಒಂದು ಗೆರೆ ಆಳವಾದರೆ ಮತ್ತೆ ಶುರು. ಅದರಲ್ಲಿ ಖುಷಿ ಸಿಗುತ್ತೆ ಅನ್ನಿಸಿದರೆ ನಿಮ್ಮ ಆಲೋಚನೆ ಸರಿ ಇದೆ. ಸುಮ್ನೆ ಓದು ಕಷ್ಟ ಅಂತಾದರೆ ಬೇಡ ಅಂತೀನಿ. ನಾನೂ ಹಲ್ಲಿನ ಡಾಕ್ಟರೇ, ಮೋಸದ ಸಲಹೆ ಅಲ್ಲ.

ಮನೆಯಲ್ಲಿ ಹೇಳೋ ಮೊದಲು ಸೇರುವಾಗ ಸಹಿ ಹಾಕಿದ ಬಾಂಡ್ ತೆಗೆದು ಓದಿ. ನಡುವೆ ಸೀಟು ಬಿಟ್ಟರೆ ದಂಡ ಇರಬಹುದು. ಅದು ತೀರುವವರೆಗೆ ಮಾರ್ಕ್ಸ್ ಕಾರ್ಡ್ ವಾಪಸ್ ಸಿಗೋದೂ ಕಷ್ಟ. ಆಮೇಲೆ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಪರಿಚಯದ ಕ್ಲಿನಿಕ್‌ನಲ್ಲಿ ಸಂತೆ ದಿನ ಕೂತು ನೋಡಿ. ಎಲೆ ಅಡಿಕೆ ಜಗಿದು ಸವೆದ ಹಲ್ಲು, ಬಗ್ಗಿ ಬಗ್ಗಿ ನೋಯುವ ಬೆನ್ನು, ಎರಡೂ ಗೊತ್ತಾಗುತ್ತೆ.